ಹೆಸರು ಹೇಳದ ಜಾಗ

ಜನವರಿ 18, ಶನಿವಾರ. ಬೆಳಿಗ್ಗೆ

ಐಸ್ ಮತ್ತೆ ಕರಗಿತು. ಟವೆಲ್ ಒದ್ದೆ, ನೈಟಿ ಒದ್ದೆ, ಹಾಸಿಗೆಯ ಒಂದು ಮೂಲೆ ಒದ್ದೆ. ಎದ್ದು ಫ್ರಿಜ್ಜಿನವರೆಗೆ ಹೋಗಬೇಕು... ಹೋಗಿ ಬಂದೆ. ಕಾಲು ಅಗಲಿಸಿಕೊಂಡು, ಗೋಡೆ ಹಿಡಿದುಕೊಂಡು. ಸ್ಟೇಟ್ ಲೆವೆಲ್ ಸೈಕ್ಲಿಸ್ಟ್ ನೇತ್ರಾ! ಈಗ ಫ್ರಿಜ್ಜಿಗೆ ಹೋಗಿ ಬರುವುದೇ ರೇಸು.

ಗುರುವಾರ ಹುಬ್ಬಳ್ಳಿಯಲ್ಲಿ ಆಪರೇಷನ್. ನಿನ್ನೆ ಬಾಗಲಕೋಟೆಗೆ, ಮನೆಗೆ. ಚೀಟಿಯಲ್ಲಿ ಬರೆದ ಹೆಸರು ಲೇಬಿಯಾಪ್ಲಾಸ್ಟಿ. ಕನ್ನಡದಲ್ಲಿ ಏನೆನ್ನಬೇಕೋ ಗೊತ್ತಿಲ್ಲ. ಬೈಗುಳದಲ್ಲಿ ಆ ಜಾಗಕ್ಕೆ ಹೆಸರಿದೆ, ಬೇರೆಲ್ಲೂ ಇಲ್ಲ. ಶಾಲೆಯಲ್ಲಿ ಆ ಪಾಠ ಬಂದಾಗ ಟೀಚರು ಎರಡು ಹಾಳೆ ಒಟ್ಟಿಗೇ ಮಗುಚಿ ಮುಂದೆ ಹೋಗಿದ್ದರು. ಅದಕ್ಕೇ ನಾನೂ 'ಅಲ್ಲಿ' ಅಂತಲೇ ಬರೆಯುತ್ತೇನೆ. ಯಾರೂ ಓದದ ಡೈರಿಯಲ್ಲೂ ನಾಚಿಕೆ.

ಅಲ್ಲಿಯ ಒಳ ಅಂಚಿನ ಚರ್ಮ ಉದ್ದ ಇತ್ತು. ಹುಟ್ಟಿನಿಂದಲೇ. ಸೈಕಲ್ ಸೀಟಿನ ಮೇಲೆ ಕೂತರೆ ಮಡಚಿಕೊಳ್ಳುವುದು, ಉಜ್ಜುವುದು, ಹರಿಯುವುದು. ರೇಸ್ ಮುಗಿಸಿ ಬಂದು ಬಾತ್‌ರೂಮಿನಲ್ಲಿ ಹಲ್ಲು ಕಚ್ಚಿ ನೀರು ಹಾಕಿಕೊಂಡದ್ದು ಎಷ್ಟು ಸಲವೋ. ಮೊಣಕಾಲು ನೋವು ಎಂದು ಸುಳ್ಳು ಹೇಳಿ ರೇಸ್ ಬಿಟ್ಟೆ. ವಿದ್ಯಾಗಿರಿಯ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಕೆಲಸ ಸಿಕ್ಕ ಮೇಲೂ ಅದೇ ಕಥೆ. ಹುಡುಗಿಯರ ಜೊತೆ ಎರಡು ಸುತ್ತು ಓಡಿದರೆ ಸಂಜೆವರೆಗೆ ಉರಿ.

ಇಲ್ಲಿಯ ಡಾಕ್ಟರ್ ಒಬ್ಬರು, "ಇದು ನಾರ್ಮಲ್ ಐತಿ" ಅಂದರು. ಇನ್ನೊಬ್ಬರು, "ಮಕ್ಕಳಾಗ್ಲಿ ತಡೀರಿ, ಎಲ್ಲಾ ಸರಿ ಹೋಗತೈತಿ" ಅಂದರು. ನಾರ್ಮಲ್ ಅಂತ ನನಗೂ ಗೊತ್ತು. ನಾನು ಹೇಳಿದ್ದು ನೋವು ಅಂತ. "ಯಾವಾಗ ನೋಯ್ತದ?" ಎಂದು ಕೇಳಿದವರು ಹುಬ್ಬಳ್ಳಿಯ ಡಾಕ್ಟರ್ ಮೇಡಂ ಒಬ್ಬರೇ. ಆ ಒಂದು ಪ್ರಶ್ನೆಗೇ ಅತ್ತುಬಿಟ್ಟೆ.

ಇವರೂ ಬಂದಿದ್ದರು. ಗಂಡನ ಸಹಿ ಬೇಕಿರಲಿಲ್ಲ, ಆದರೂ ಪ್ರವೀಣಕುಮಾರ ಎಂದು ದೊಡ್ಡದಾಗಿ ಸಹಿ ಹಾಕಿದರು. ಎದ್ದು ಬರುವಾಗ ಮೇಡಂಗೆ ಕೇಳಿದರು, "ನೋಡಾಕ ಚಂದ ಆಗತೈತಲ್ರಿ?"

ಮೇಡಂ ಪೆನ್ನು ಕೆಳಗಿಟ್ಟರು. "ನೋಡಾಕ ಅಲ್ರೀ. ಆಕಿಗೆ ಕುಂದ್ರಾಕ ಬರ್ಲಿ ಅಂತ."

ಇವರು ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?


ಜನವರಿ 20

ಮೂತ್ರಕ್ಕೆ ಹೋಗುವುದೆಂದರೆ ಯುದ್ಧ. ಬಾಟಲಿಯಲ್ಲಿ ಬೆಚ್ಚಗಿನ ನೀರು ಹಿಡಿದು, ಸುರಿದುಕೊಳ್ಳುತ್ತಲೇ ಹೋಗಬೇಕು. ಆದರೂ ಮೆಣಸಿನಪುಡಿ ಎರಚಿದ ಹಾಗೆ. ನೀರು ಕುಡಿಯಲು ಹೆದರಿಕೆ. ಕುಡಿಯದಿದ್ದರೆ ಇನ್ನೂ ಉರಿ.

ಇವತ್ತು ಧೈರ್ಯ ಮಾಡಿ ಕನ್ನಡಿ ಹಿಡಿದು ನೋಡಿದೆ. ನೋಡಬಾರದಿತ್ತು. ನೀಲಿ, ಕೆಂಪು, ಊದಿ ಬದನೆಕಾಯಿಯಾಗಿದೆ. ಎಡಗಡೆ ಒಂದು ಲೆಕ್ಕ, ಬಲಗಡೆ ಇನ್ನೊಂದು. ಕನ್ನಡಿ ಬೋರಲು ಹಾಕಿದೆ. ಮೇಡಂಗೆ ಫೋನು. "ಬಾವು ಐತಿ, ಇಳೀತದ. ಎರಡೂ ಕಡೆ ಒಂದ ಸಮ ಇಳಿಯೂದಿಲ್ಲ. ಈಗ ನೋಡಿ ಹೆದರಬ್ಯಾಡ್ರಿ. ಕಾರು, ಬಸ್ಸು, ಸ್ಕೂಟಿ ಏನೂ ಬ್ಯಾಡ. ಮಲ್ಕೋರಿ." ಸರಿ.

ಇವರು ಇಳಕಲ್ಲಿನ ಸೀರೆ ಅಂಗಡಿಯಿಂದ ಬರುವಾಗ ಖಾನಾವಳಿಯ ಊಟ ತರುತ್ತಾರೆ. ಬಾಗಿಲಲ್ಲೇ ನಿಂತು, "ಹ್ಯಾಂಗೈತಿ?" ಅನ್ನುತ್ತಾರೆ. ಕಣ್ಣು ಮಾತ್ರ ಕಿಟಕಿಯ ಕಡೆ. ಮಲಗುವುದು ಹಾಲ್‌ನಲ್ಲಿ. ಎಲ್ಲರಿಗೂ ಹೇಳಿರುವುದು, "ಸಣ್ಣದೊಂದು ಗಂಟು ಇತ್ತು, ತಗದಾರ." ನಾನೂ ಅದಕ್ಕೆ ಹೂಂ ಅಂದಿದ್ದೆ. ಬಾದಾಮಿಯ ಅಣ್ಣನಿಗೂ ಹೇಳಿದ್ದು ಅದೇ ಗಂಟು. ಅವ್ವ ಇದ್ದಿದ್ದರೆ ಏನು ಹೇಳುತ್ತಿದ್ದೆನೋ... ಅವಳಿಗೂ ಗಂಟೇ ಹೇಳುತ್ತಿದ್ದೆ ಅನ್ನಿಸುತ್ತದೆ.

ಅತ್ತೆ ಬರುತ್ತಾರಂತೆ. ಹುನಗುಂದದಿಂದ. ಬೇಡ ಎನ್ನಲು ಆಗಲಿಲ್ಲ.


ಜನವರಿ 22

ಬಂದರು. ಗಂಟಿನ ತುಂಬ ಕಟಕಟಿ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಬಾಟಲಿಯಲ್ಲಿ ಮೊಸರು. ಚೀಲ ಇಳಿಸುವ ಮೊದಲೇ ವಿಚಾರಣೆ.

"ಎಲ್ಲಿತ್ತು ಗಂಟು?"

"ಕೆಳಗರಿ, ಅತ್ತಿ."

"ಕೆಳಗಂದ್ರ? ಕಾಲಾಗೇನು?"

"ಇನ್ನಷ್ಟ ಮ್ಯಾಲರಿ."

ಸೆರಗು ಬಾಯಿಗೆ ಒತ್ತಿಕೊಂಡರು. ಮುಂದೆ ಕೇಳಲಿಲ್ಲ. ನಾನು ಬಚ್ಚಲಿಗೆ ಹೋಗುವುದನ್ನು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂತು ಬರುವುದನ್ನು, ಕೂರುವಾಗ ದಿಂಬು ಇಟ್ಟುಕೊಳ್ಳುವುದನ್ನು ನೋಡುತ್ತಲೇ ಇದ್ದರು. ಮಾತಿಲ್ಲ. ನಮ್ಮತ್ತೆ ಗುರುಸಿದ್ದವ್ವ ಸುಮ್ಮನಿದ್ದರೆ ಹೆದರಿಕೆಯಾಗುತ್ತದೆ. ಅವರ ಬಾಯಿಯ ಅಭ್ಯಾಸ ನನಗಿದೆ, ಮೌನದ್ದಿಲ್ಲ.


ಜನವರಿ 23

ಮೌನದ ಅರ್ಥ ತಿಳಿಯಿತು. ಮಧ್ಯಾಹ್ನ ಹಿತ್ತಲಲ್ಲಿ ನಿಂತು ಹುನಗುಂದಕ್ಕೆ ಫೋನು ಮಾಡುತ್ತಿದ್ದರು. ಆಚೆ ಕಡೆ ಗುರುಲಿಂಗವ್ವ — ಓಣಿಯ ಮಾತೆಲ್ಲ ಹಾಯ್ದು ಹೋಗುವುದು ಅವರ ಕಟ್ಟೆಯ ಮೇಲೇ.

"ಗಂಟಲ್ಲವಾ. ಗರ್ಭಚೀಲಾನ ತಗಿಸ್ಯಾರ. ನನ್ನ ಮುಂದ ಮುಚ್ಚಿಡ್ತಾರ. ನನಗ ತಿಳಿಯಂಗಿಲ್ಲೇನು ಆ ನಡಿಗಿ? ಇನ್ನ ನಮ್ಮ ಪ್ರವೀಣಗ ಮಕ್ಕಳೆಲ್ಲಿಂದ..." ಅಳುತ್ತಿದ್ದರು. ನಾಟಕವಲ್ಲ, ನಿಜವಾದ ಅಳು.

ಇವರು ಬಂದ ಕೂಡಲೇ ಹೇಳಿದೆ. ಅತ್ತಿಗೆ ಖರೆ ಏನು ಅಂತ ತಿಳಿಸ್ರಿ.

"ಏನಂತ ಹೇಳ್ಲಿ?"

"ಇದ್ದದ್ದ ಹೇಳ್ರಿ."

"ಅವ್ವನ ಮುಂದ? ಅದನ್ನ? ಹುಚ್ಚಿಡದೈತೇನು ನಿನಗ. ನಾಕ ದಿನಾ ಮಾತಾಡ್ತಾರ, ಬಿಡ್ತಾರ."

ಟೀವಿ ಹಾಕಿದರು. ನಾನಾದರೂ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಬಾಯಲ್ಲಿ ಶಬ್ದವೇ ಇಲ್ಲ. 'ಅಲ್ಲಿ' ಎಂದು ಎಷ್ಟು ಸಲ ಅನ್ನುವುದು?


ಜನವರಿ 27

ಬರೆಯಲೇಬೇಕು. ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ಹುನಗುಂದದಲ್ಲಿ ಇವರ ಕಾಕಾನ ಸೊಸೆಗೆ ಕುಬಸ. ಏಳು ತಿಂಗಳ ಬಸುರಿ. ಬರಲ್ಲ ಅಂದೆ, ಡಾಕ್ಟರ್ ಬೇಡ ಅಂದಿದ್ದಾರೆ ಅಂದೆ. ಇವರು ಕೇಳಲಿಲ್ಲ. "ನೀ ಬರದಿದ್ರ ಮಂದಿ ಇನ್ನಷ್ಟ ಮಾತಾಡ್ತಾರ. ಕಾರಿನ್ಯಾಗ ಹಿಂದ ಮಲ್ಕೊಂಡು ಬಾ. ತಾಸಿನ ಹಾದಿ." ಹೋದೆ. ಪ್ರತಿ ಹಂಪ್‌ಗೂ ಜೀವ ಬಾಯಿಗೆ. ಮುಂದೆ ಕೂತ ಅತ್ತೆಯೂ ಪ್ರತಿ ಹಂಪ್‌ಗೆ ಸೀಟಿನಿಂದ ಸ್ವಲ್ಪ ಏಳುತ್ತಿದ್ದರು. ನನ್ನನ್ನು ಅಣಕಿಸುತ್ತಿದ್ದಾರೆ ಅಂದುಕೊಂಡೆ.

ಹಸಿರು ಸೀರೆ ಉಟ್ಟ ಹುಡುಗಿ ಮಣೆಯ ಮೇಲೆ. ಮುತ್ತೈದೆಯರು ಒಬ್ಬೊಬ್ಬರೇ ಎದ್ದು ಅರಿಷಿಣ ಹಚ್ಚಿ, ಉಡಿ ತುಂಬಿ, ಆರತಿ ಎತ್ತಿ ಬರುತ್ತಿದ್ದರು. ತಟ್ಟೆ ನನ್ನ ಹತ್ತಿರ ಬಂತು. ಎದ್ದೆ — ಏಳಲು ಗೋಡೆ ಹಿಡಿದೆ. ಅಷ್ಟರಲ್ಲಿ ಗುರುಲಿಂಗವ್ವ ತಟ್ಟೆ ಎಳೆದುಕೊಂಡು ಆಚೆಯವಳಿಗೆ ಕೊಟ್ಟರು.

"ನೀ ಕೂಡವಾ ತಂಗಿ. ಸಾಕಾಗಿರಬೇಕು."

ಎಷ್ಟು ಮೆತ್ತಗಿನ ದನಿ! ಯಾರೂ ತಲೆ ಎತ್ತಲಿಲ್ಲ. ಮಣೆಯ ಮೇಲಿನ ಹುಡುಗಿ ಮಾತ್ರ ಒಮ್ಮೆ ನೋಡಿ, ಸೆರಗು ಹೊಟ್ಟೆಯ ಮೇಲೆ ಎಳೆದುಕೊಂಡಳು. ನನ್ನ ದೃಷ್ಟಿ ತಾಗಬಾರದು.

ಬಾಗಿಲ ಹತ್ತಿರ ಹೋಗಿ ಅತ್ತೆಯ ಪಕ್ಕ ಕೂತೆ. ವಿಧವೆ ಅಂತ ಅವರು ಅಲ್ಲಿ, ಬಂಜೆ ಅಂತ ನಾನು ಅಲ್ಲಿ. ಗೋಡೆಯ ಮೇಲೆ ಬಸವಣ್ಣನ ಫೋಟೋ, ಹೊಸ ಹೂಮಾಲೆ.

ಇವರು ಪಡಸಾಲೆಯಿಂದ ಎಲ್ಲ ನೋಡಿದರು. ನೋಡಿ, ಊಟದ ಪಂಕ್ತಿಗೆ ಹೋದರು.

ಮನೆಗೆ ಬಂದು ನೋಡಿದರೆ ಪ್ಯಾಡ್ ತುಂಬ ರಕ್ತ.


ಜನವರಿ 28

ಮತ್ತೆ ಹುಬ್ಬಳ್ಳಿ. ಮತ್ತೆ ಅದೇ ಟೇಬಲ್, ಅದೇ ಲೈಟು. ಬಲಗಡೆ ಹೊಲಿಗೆ ಬಿಟ್ಟಿದೆ. ಮೇಡಂ ಮತ್ತೆ ಹೊಲಿಯಲಿಲ್ಲ. "ಈಗ ಹೊಲಿದ್ರ ನಿಲ್ಲಂಗಿಲ್ಲ. ತಾನಾಗೇ ಕೂಡ್ಕೋತದ. ಆದ್ರ ಆ ಅಂಚು ಸ್ವಲ್ಪ ಡೊಂಕ ಉಳೀಬಹುದು." ಆಮೇಲೆ ಇವರ ಕಡೆ ತಿರುಗಿ, "ಯಾರ್ರೀ ಇವರನ್ನ ಪ್ರಯಾಣ ಮಾಡಿಸಿದವ್ರು?"

ಇವರು ಮೊಬೈಲ್ ನೋಡುತ್ತಿದ್ದರು. "ಫಂಕ್ಷನ್ ಇತ್ರಿ," ಅಂದರು.

ಕಾರಿನಲ್ಲಿ, ನರಗುಂದ ದಾಟಿದ ಮೇಲೆ: "ಯಾರ ಸಲುವಾಗಿ ಮಾಡಿಸ್ಕೊಂಡಿ ಇದನ್ನ? ನಾ ಅಂತೂ ಹೇಳಿರಲಿಲ್ಲ."

"ನನ್ನ ಸಲುವಾಗಿ."

"ನಿನ್ನ ಸಲುವಾಗಿ..." ಎಂದು ಆ ಮಾತನ್ನು ನಾಲಗೆಯ ಮೇಲೆ ಹೊರಳಿಸಿದರು. ಅರ್ಥವಾಗದ ಭಾಷೆಯ ಶಬ್ದವೇನೋ ಎಂಬ ಹಾಗೆ.


ಫೆಬ್ರುವರಿ 2

ತುರಿಕೆ. ದೇವರೇ, ಎಂಥ ತುರಿಕೆ. ಮಾಯುವ ಲಕ್ಷಣವಂತೆ. ದಾರದ ಚೂರುಗಳು ಟಬ್ಬಿನ ನೀರಿನಲ್ಲಿ ತೇಲುತ್ತವೆ.

ಕಾಲೇಜಿನ ಲೈಬ್ರರಿಯ ಮಹಾದೇವಿ ಬಂದಿದ್ದಳು. ಕಲಾದಗಿಯ ಚಿಕ್ಕು ತಂದಿದ್ದಳು. ಅತ್ತೆ ಒಳಗಿದ್ದರು. ಇವಳಿಗಾದರೂ ಹೇಳೋಣ ಎಂದು ದನಿ ತಗ್ಗಿಸಿ ಹೇಳಿದೆ. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ. ಓದಿದವಳು, ಮದುವೆಯಾದವಳು, ಎರಡು ಹೆತ್ತವಳು.

ಚಿಕ್ಕು ಸುಲಿಯುವುದು ನಿಲ್ಲಿಸಿದಳು. "ಅದಕ್ಕೂ ಆಪರೇಷನ್ ಮಾಡ್ತಾರೇನಲೇ? ಯಾರಿಗ್ ಕಾಣತೈತಿ ಅದು?"

"ಕಾಣೂದಲ್ಲ. ಉಜ್ಜತಿತ್ತು. ರಕ್ತ ಬರ್ತಿತ್ತು."

"ಹೌದಾ..." ಅಂದಳು. ಮುಖದಲ್ಲಿ ನಂಬಿಕೆಯಿಲ್ಲ. ಕಿವಿಯ ಹತ್ತಿರ ಬಂದು, "ಖರೆ ಹೇಳು, ಪ್ರವೀಣ ಏನರೆ ಅಂದಿದ್ನೇನು?"

ಹೋಗುವಾಗ ಚಿಕ್ಕು ಬಿಟ್ಟು ಹೋದಳು. ತಿನ್ನಲಿಲ್ಲ.

ಕಾಲು ಮುರಿದಿದ್ದರೆ ಚೆನ್ನಾಗಿತ್ತು. ಪ್ಲಾಸ್ಟರ್ ಮೇಲೆ ಎಲ್ಲರೂ ಸಹಿ ಮಾಡುತ್ತಿದ್ದರು.


ಫೆಬ್ರುವರಿ 9

ಹುನಗುಂದದಲ್ಲಿ ಇವರ ಕಾಕಾ ಮಾತು ತೆಗೆದಿದ್ದಾರಂತೆ. "ಮುಂದ ಹ್ಯಾಂಗ, ಪ್ರವೀಣ? ಮನಿತನ ನಡೀಬೇಕಲ್ಲ." ಅಮೀನಗಡದ ಕಡೆ ಒಂದು ಹುಡುಗಿ ಇದೆಯಂತೆ. ಬಡವರು. ಎರಡನೆಯವಳಾಗಿ ಬರಲು ತಕರಾರಿಲ್ಲವಂತೆ.

ಇದನ್ನು ಇವರೇ ಹೇಳಿದರು. ಊಟ ಮಾಡುತ್ತಾ, ನಗುತ್ತಾ. ತಮಾಷೆ ಅನ್ನುವ ಹಾಗೆ.

"ನೀವೇನಂದ್ರಿ?"

"ನಾ ಏನೂ ಅನ್ನಲಿಲ್ಲ."

ಅದೇ. ಏನೂ ಅನ್ನಲಿಲ್ಲ.

"ನನ್ನ ಗರ್ಭಚೀಲ ಎಲ್ಲಿತ್ತೋ ಅಲ್ಲೇ ಐತಿ ಅಂತ ಒಂದ ಮಾತ ಹೇಳಾಕ ಬಾಯಿ ಬರಲಿಲ್ಲೇನ್ರಿ ನಿಮಗ?"

"ಹಂಗಾರ ಯಾವುದು ತಗದ್ರು ಅಂತ ಕೇಳ್ತಾರ. ಏನ್ ಹೇಳ್ಲಿ ಹಿರ್ಯಾರ ಮುಂದ? ಗರ್ಭಚೀಲ ಅಂದ್ರ ಮಂದಿಗಿ ತಿಳೀತೈತಿ. ಮನ್ಯಾಗೊಬ್ಬರಿಗೆ ಆಗಿರತೈತಿ. ಇದನ್ನ ಹೇಳಿದ್ರ ನನ್ನ ಮಾರಿ ನೋಡಿ ನಗ್ತಾರ. ಅದಕ್ಕಿಂತ ಇದ ಚಲೋ."

ಅದಕ್ಕಿಂತ ಇದು ಚಲೋ. ಹೆಂಡತಿ ಬಂಜೆ ಎನಿಸಿಕೊಂಡರೂ ಪರವಾಗಿಲ್ಲ. ತನ್ನನ್ನು ನೋಡಿ ಅಂಗಡಿಯ ಕಟ್ಟೆಯ ಮೇಲೆ ನಾಲ್ವರು ನಗಬಾರದು.

ಇವರು ಎಂದು ಬರೆಯಲು ಇನ್ನು ಕೈ ಬರುವುದಿಲ್ಲ. ಪ್ರವೀಣಕುಮಾರ. ಅವನು.


ಫೆಬ್ರುವರಿ 12

ಅತ್ತೆಗೆ ನಾನೇ ಹೇಳಿದೆ. ಬೆಳಿಗ್ಗೆ ಅವನು ಇಳಕಲ್ಲಿಗೆ ಹೋದ ಮೇಲೆ.

ಅವರು ಟಬ್ಬಿಗೆ ಬಿಸಿನೀರು ತಂದು ಸುರಿಯುತ್ತಿದ್ದರು. ಇಷ್ಟು ದಿನ ಒಂದೂ ಮಾತಿಲ್ಲದೆ ಅದನ್ನು ಮಾಡಿದ್ದಾರೆ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯ. ನಾನು ಅವರ ಕೈ ಹಿಡಿದು, ಆ ಬೈಗುಳದ ಶಬ್ದವನ್ನೇ ಹೇಳಿದೆ. ಬೇರೆ ಶಬ್ದ ಗೊತ್ತಿರಲಿಲ್ಲ. ಅದರ ತುಟಿ ಉದ್ದ ಇತ್ತು, ಸೈಕಲ್ ತುಳಿದರೆ ಹರಿಯುತ್ತಿತ್ತು, ಓಡಿದರೆ ಹರಿಯುತ್ತಿತ್ತು, ಅದನ್ನಷ್ಟೇ ಕತ್ತರಿಸಿದ್ದಾರೆ. ಗರ್ಭಚೀಲ ಮುಟ್ಟಿಲ್ಲ. ಮಕ್ಕಳಾಗುತ್ತವೆ, ಬೇಕಾದರೆ.

ಬೈಯುತ್ತಾರೆ ಅಂದುಕೊಂಡೆ. ತಂಬಿಗೆ ಕೆಳಗಿಟ್ಟು ಬಚ್ಚಲ ಕಟ್ಟೆಗೆ ಒರಗಿ ನಿಂತರು.

"ಬರೇ ಉಜ್ಜತಿತ್ತು ಅಂತ ತಗಿಸ್ಕೊಂಡಿ?"

"ಹೂಂರಿ."

"ನಂದು ಹೊರಗ ಬರತೈತಿ, ನೇತ್ರಾ."

ತಿಳಿಯಲಿಲ್ಲ.

"ಗರ್ಭಚೀಲ. ಪ್ರವೀಣ ಹುಟ್ಟಿದಾಗಿಂದ. ಬಾಣಂತನ ಮುಗಿಯೂ ಮೊದಲ ಮಗ್ಗದ ಕುಣ್ಯಾಗ ಇಳದೆ. ನೀರಿನ ಕೊಡ ಹೊತ್ತೆ. ಒಂದ ದಿನಾ ಜಾರಿ ಕೈಗೆ ಬಂತು. ಕೈಲೆ ಒಳಗ ತಳ್ಳಿ, ಅರಬಿ ಮಡಚಿ ಕಟ್ಟಿಕೊಂಡು ಕುಂತೇನಿ. ಇವತ್ತಿನ ತನಕ."

ಮೂವತ್ತೈದು ವರ್ಷ! ಕಾರಿನಲ್ಲಿ ಪ್ರತಿ ಹಂಪ್‌ಗೂ ಏಳುತ್ತಿದ್ದದ್ದು ನನ್ನನ್ನು ಅಣಕಿಸಲು ಅಲ್ಲ.

"ಮಾವಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಮಲಗೂ ಹೊರಸು ಹೊರಗ ಹಾಕ್ಕೊಂಡ್ರು. ಅಷ್ಟ."

ಅವರನ್ನು ಅಪ್ಪಿಕೊಳ್ಳಲು ಹೋದೆ. ತಳ್ಳಿದರು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ನಿನಗ ಉಜ್ಜತೈತಿ ಅಂದ್ರ ಕಾರಿನ್ಯಾಗ ಹುಬ್ಬಳ್ಳಿಗೆ ಒಯ್ದ. ನನ್ನ ಹೊಟ್ಟಿ ಹೊರಗ ಬಿದ್ರೂ ಯಾರೂ ಕೇಳಲಿಲ್ಲ. ನಿನಗ ಎಷ್ಟ ಸಸಾರ ಆತು ನೋಡು."

ನನಗೂ ಸಸಾರ ಆಗಲಿಲ್ಲ ಎಂದು ಹೇಳಬೇಕೆನಿಸಿತು. ಅವರ ಮುಂದೆ ನಿಂತು ಅದನ್ನು ಹೇಳಲು ಬಾಯಿ ಬರಲಿಲ್ಲ.


ಫೆಬ್ರುವರಿ 14

ಕೆಡಿಸಿಕೊಂಡೆ.

ಅವನಿಗೆ ಹೇಳಿಬಿಟ್ಟೆ. ತಾಯಿಯ ವಿಷಯವಾದರೂ ತಟ್ಟುತ್ತದೆ ಎಂದು. ಎರಡೂ ಕಿವಿ ಮುಚ್ಚಿಕೊಂಡ. ಖರೆ ಮುಚ್ಚಿಕೊಂಡ, ಸಣ್ಣ ಹುಡುಗನ ಹಾಗೆ. "ಅವ್ವಂದು ನನ್ನ ಮುಂದ ಯಾಕ ಹೇಳ್ತಿ! ವಯಸ್ಸಾದ್ಮ್ಯಾಲೆ ಹೆಂಗಸರಿಗೆ ಏನೇನರೆ ಇರತೈತಿ." ಎದ್ದು ಹೋದ.

ಅತ್ತೆ ಅಡುಗೆಮನೆಯಲ್ಲೇ ಇದ್ದರು. ಎಲ್ಲ ಕೇಳಿಸಿದೆ. ಚೀಲ ಕಟ್ಟಿದರು. "ಹೊಟ್ಟ್ಯಾಗಿಂದು ನಿನ್ನ ಕೈಯಾಗ ಇಟ್ಟಿದ್ದೆ. ಓಣಿಗೆ ಒಗದಿ." ನಾನು ಬಸ್‌ಸ್ಟ್ಯಾಂಡಿಗೆ ಬರುತ್ತೇನೆಂದರೂ ಕೇಳದೆ ಆಟೋ ಹತ್ತಿದರು. ಸೀಟಿನ ಅಂಚಿನಲ್ಲಿ, ಕಂಬಿ ಹಿಡಿದು, ಅರ್ಧ ಕೂತು.

ಈಗ ಅವರು ಹೇಗೆ ಕೂತರೂ ನನಗೆ ಕಾಣುತ್ತದೆ.


ಮಾರ್ಚ್ 1

ಬಹಳ ದಿನ ಬರೆಯಲಿಲ್ಲ. ಕಾಲೇಜಿಗೆ ಹೋಗಲು ಶುರು ಮಾಡಿದ್ದೇನೆ. ಬಿಸಿಲು ಏರುತ್ತಿದೆ. ಮನೆಯಲ್ಲಿ ಇಬ್ಬರೂ ತಟ್ಟೆ ಸದ್ದಿನಲ್ಲೇ ಮಾತಾಡುತ್ತೇವೆ.

ಇವತ್ತು ಹುಬ್ಬಳ್ಳಿಗೆ ಒಬ್ಬಳೇ ಹೋಗಿ ಬಂದೆ. ಬಸ್ಸಿನಲ್ಲಿ, ಇಡೀ ಸೀಟಿನ ಮೇಲೆ ಕೂತು. ಮೇಡಂ ನೋಡಿ, ಮಾಯ್ದಿದೆ ಅಂದರು. ಬಲಗಡೆ ಅಂಚು ಡೊಂಕು ಉಳಿದಿದೆ. "ಬೇಕಂದ್ರ ಮುಂದ ಸರಿಮಾಡಬಹುದು." ಬೇಡ ಅಂದೆ. ಇರಲಿ. ಕುಬಸಕ್ಕೆ ಹೋಗಿ ಬಂದ ಗುರುತು.

ಅತ್ತೆಯ ಬಗ್ಗೆ ಕೇಳಿದೆ. "ಈ ವಯಸ್ಸಿಗೂ ಮಾಡಬಹುದು. ಹುಬ್ಬಳ್ಳಿ ತನಕ ಯಾಕ, ನಿಮ್ಮ ಬಾಗಲಕೋಟ್ಯಾಗ ಮಾಡ್ತಾರ. ದಿನಾ ಮಾಡ್ತಾರ." ದಿನಾ ಮಾಡುತ್ತಾರೆ! ಮೂವತ್ತೈದು ವರ್ಷ ಆಸ್ಪತ್ರೆಯ ಮುಂದೆಯೇ ಬಸ್ಸು ಹೋಗುತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಪ್ರವೀಣಕುಮಾರ ಕೇಳಿದ ಮೊದಲ ಮಾತು, "ಏನಂದ್ರು? ಈಗ ನಡೀತೈತಂತ?"

ನೋವು ಹೋಯಿತೇ ಎಂದಲ್ಲ. ನಡೆಯುತ್ತದೆಯೇ, ಹಾಸಿಗೆಯ ಮೇಲೆ.

"ಇನ್ನೂ ಇಲ್ಲಂತ," ಅಂದೆ. ಸುಳ್ಳು. ನಾಚಿಕೆಯಾಗಲಿಲ್ಲ.


ಮಾರ್ಚ್ 2, ಭಾನುವಾರ

ಸೈಕಲ್ ತೆಗೆದೆ. ಗಾಳಿ ತುಂಬಿಸಿದೆ. ವಿದ್ಯಾಗಿರಿಯಿಂದ ಗದ್ದನಕೇರಿ ಕ್ರಾಸ್. ಅಲ್ಲೇ ತಿರುಗಬೇಕಿತ್ತು, ತಿರುಗಲಿಲ್ಲ. ಕಲಾದಗಿ ರಸ್ತೆ ಹಿಡಿದೆ. ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂತೆ. ಹೆದರಿ ಹೆದರಿ. ಕಾದೆ. ಉರಿ ಬರಲಿಲ್ಲ.

ಬರಲಿಲ್ಲ!

ಒಬ್ಬಳೇ ರಸ್ತೆ ಮೇಲೆ ಕೂಗಿದೆ. ಕಬ್ಬಿನ ಟ್ರ್ಯಾಕ್ಟರಿನವನು ತಿರುಗಿ ನೋಡಿದ. ಹದಿನೆಂಟರಲ್ಲಿ ಹೀಗಿದ್ದಿದ್ದರೆ... ಯಾವ ಯಾವ ರಸ್ತೆಗಳಲ್ಲಿ ಇರುತ್ತಿದ್ದೆನೋ. ಆ ನಾರ್ಮಲ್ ಡಾಕ್ಟರಿಗೆ ಯಾರು ಹೇಳಬೇಕು ಇದನ್ನು?

ವಾಪಸ್ಸು ಬರುವಾಗ ಸಿಟ್ಟಷ್ಟೇ ಉಳಿದಿತ್ತು.


ಮಾರ್ಚ್ 9

ಹುನಗುಂದಕ್ಕೆ ಹೋದೆ. ಅತ್ತೆ ಕಟ್ಟೆಯ ಮೇಲೆ ಜೋಳ ಹಸನ ಮಾಡುತ್ತಿದ್ದರು. ಗುರುಲಿಂಗವ್ವ, ಇನ್ನೂ ಇಬ್ಬರು. ಅತ್ತೆ ಬಾ ಅನ್ನಲಿಲ್ಲ, ಮೊರ ಸರಿಸಿ ಜಾಗ ಮಾಡಿದರು. ಗುರುಲಿಂಗವ್ವ ನೀರು ತಂದುಕೊಟ್ಟು, "ಹ್ಯಾಂಗದಿ ತಂಗಿ? ದೇವರು ಹಿಂಗ ಮಾಡಬಾರದಿತ್ತು," ಅಂದರು.

"ದೇವರೇನೂ ಮಾಡಿಲ್ರಿ, ಚಿಗವ್ವ. ನನ್ನ ಗರ್ಭಚೀಲ ಗಟ್ಟಿಮುಟ್ಟ ಐತಿ." ಆಮೇಲೆ ಏನು ಕತ್ತರಿಸಿದರು, ಯಾಕೆ ಕತ್ತರಿಸಿದರು, ಎಲ್ಲ ಹೇಳಿದೆ. ಆ ಶಬ್ದ ಹಾಕಿಯೇ. ಎರಡನೆಯ ಸಲ ಸುಲಭ.

ಒಬ್ಬಳು ಸೆರಗಿನಲ್ಲಿ ನಕ್ಕಳು. ಗುರುಲಿಂಗವ್ವ ಕೆಮ್ಮಿದರು. "ಇದನ್ನ ಬಾಯಿ ಬಿಟ್ಟ ಹೇಳ್ತಿ ಅಲ್ಲವಾ, ಮಂದ್ಯಾಗ..."

"ನೀವು ಗರ್ಭಚೀಲ ಅಂತ ಮಂದ್ಯಾಗ ಹೇಳಿದ್ರೆಲ್ಲರಿ."

ಮೂವರೂ ಎದ್ದು ಹೋದರು. ಅತ್ತೆ ಮಾತ್ರ ಕಲ್ಲು ಆರಿಸುತ್ತಾ ಕೂತರು. ನಾನು ಕ್ಷಮೆ ಕೇಳಿದೆ, ಅವರ ಮಾತನ್ನು ಮಗನಿಗೆ ಹೇಳಿದ್ದಕ್ಕೆ. ಬಾಗಲಕೋಟೆಯಲ್ಲೇ ಮಾಡುತ್ತಾರೆ, ನಾನು ಜೊತೆಗಿರುತ್ತೇನೆ ಎಂದೆ. ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದರು. ಬಸ್ಸಿಗೆ ಹೊರಟಾಗ ಮೊರದಿಂದ ತಲೆ ಎತ್ತದೆ ಕೇಳಿದರು.

"ಹೊಲಿಗಿ ಭಾಳ ನೋಯ್ತೈತೇನು?"

"ನೋಯ್ತೈತ್ರಿ. ಸುಳ್ಳು ಹೇಳಂಗಿಲ್ಲ. ಮೊದಲ ಭಾಳ ನೋಯ್ತೈತಿ."


ಮಾರ್ಚ್ 13

ಓಣಿಯ ಹೊಸ ಸುದ್ದಿ: ಸಿನಿಮಾದವರ ಹಾಗೆ ಚಂದ ಮಾಡಿಸಿಕೊಂಡು ಬಂದಿದ್ದಾಳೆ. ಯಾರಿಗೆ ತೋರಿಸಲೋ. ಇಳಕಲ್ಲಿನ ಅಂಗಡಿಯವರೆಗೂ ಮುಟ್ಟಿದೆ. ಸೀರೆ ಕೊಳ್ಳಲು ಬಂದವನೊಬ್ಬ ನಕ್ಕನಂತೆ.

ಪ್ರವೀಣಕುಮಾರ ಬಂದು ಬಟ್ಟೆ ತುಂಬಿಕೊಂಡ. ಅಂಗಡಿಯ ಮೇಲಿನ ರೂಮಿನಲ್ಲಿರುತ್ತಾನಂತೆ. "ನನ್ನ ಮರ್ಯಾದಿ ತಗದಿ."

"ಮಂದಿ ಬಾಯಾಗ ನನ್ನ ಗರ್ಭಚೀಲ ತಗದಾಗ ನೀವ್ ಸುಮ್ಮನಿದ್ರೆಲ್ಲ," ಅಂದೆ.

ಬಾಗಿಲು ಬಡಿದು ಹೋದ. ಆಮೇಲೆ ಮನೆ ಎಷ್ಟು ಸಮಾಧಾನವಾಗಿತ್ತು ಎಂದರೆ, ಅದಕ್ಕೇ ಅಳು ಬಂತು.


ಮಾರ್ಚ್ 17

ಕಾಲೇಜಿಗೆ ಹೊರಡುವಾಗ ಗೇಟಿನಲ್ಲಿ ಆಟೋ. ಅತ್ತೆ. ಕೈಯಲ್ಲಿ ಚೀಲ.

"ನಡಿ, ಹೋಗೂಣು. ಮನಸ ಬದಲಾಗೂ ಮೊದಲ."

ಆಸ್ಪತ್ರೆಯಲ್ಲಿ ಒಳಗೆ ನೋಡಿ ಬಂದ ಡಾಕ್ಟರ್, "ಇಷ್ಟ ದಿನಾ ಹ್ಯಾಂಗ ತಡಕೊಂಡ್ರಿ?" ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಿದರು. ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ. ಗರ್ಭಚೀಲ ತೆಗೆದು, ಒಳಗೆ ಹೊಲಿದು ಬಿಗಿ ಮಾಡುತ್ತಾರಂತೆ. ಊರೆಲ್ಲ ಸೇರಿ ತೆಗೆಸಿದ್ದು ನನ್ನದು. ತೆಗೆಯುವುದು ಇವರದು.

"ಆಮ್ಯಾಲೆ ನೆಲದ ಮ್ಯಾಲೆ ಕುಂತು ಊಟಾ ಮಾಡಬಹುದೇನ್ರಿ?" ಅವರು ಕೇಳಿದ್ದು ಅಷ್ಟೇ.


ಮಾರ್ಚ್ 20. ಬೆಳಿಗ್ಗೆ, ಆಸ್ಪತ್ರೆ

ವರಾಂಡದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಒಳಗೆ ಕರೆದುಕೊಂಡು ಹೋದರು.

ಕೊರಳಿನ ಲಿಂಗ ತೆಗೆಯಿರಿ ಎಂದಳು ನರ್ಸು. ತೆಗೆಯುವುದಿಲ್ಲ ಅಂದರು. ಕೊನೆಗೆ ತೋಳಿಗೆ ಕಟ್ಟಲು ಒಪ್ಪಿದಳು. ನಾನೇ ಕಟ್ಟಿದೆ.

ಆಗಲೇ ಅವನ ಫೋನು. ನಿನ್ನೆಯಿಂದ ಮೂರು ಸಲ ನಾನು ಮಾಡಿದ್ದಕ್ಕೆ ಈಗ ವಾಪಸ್ಸು. "ಅವ್ವಗ ಆಪರೇಷನ್ ಅಂತ ಕಾಕಾಗ ತಿಳದೈತಿ. ಮಂದಿ ಕೇಳಿದ್ರ ಏನಂತ ಹೇಳೂದು?" ಹೇಗಿದ್ದಾರೆ ಎಂದಲ್ಲ. ಏನಂತ ಹೇಳುವುದು.

ಸ್ಪೀಕರ್‌ನಲ್ಲಿತ್ತು. ಅತ್ತೆ ಕೈ ಚಾಚಿದರು. "ತಾ ಇಲ್ಲಿ."

ಫೋನನ್ನು ಬಾಯಿಯ ಹತ್ತಿರ, ರೊಟ್ಟಿ ಹಿಡಿದ ಹಾಗೆ ಹಿಡಿದು, ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು.

"ನೀ ಒಂಬತ್ತ ತಿಂಗಳ ಇದ್ದ ಮನಿ ಜಾರಿ ಹೊರಗ ಬಿದ್ದೈತಿ ಅಂತ ಹೇಳು, ಪ್ರವೀಣಾ. ನಾಚಿಕಿ ಬಂದ್ರ, ಬರಬ್ಯಾಡ."

ಕಟ್ ಮಾಡಲು ಬರಲಿಲ್ಲ. ನಾನೇ ಮಾಡಿದೆ. ಪಕ್ಕದ ಮಂಚದವಳು ಎದ್ದು ಕೂತು ಇವರನ್ನೇ ನೋಡುತ್ತಿದ್ದಳು. ಸ್ಟ್ರೆಚರ್ ಮೇಲೆ ಮಲಗಿದ ಮೇಲೆ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಬಿಗಿ. ಪ್ರೀತಿಯೋ, ಭಯವೋ, ಇನ್ನೂ ಉಳಿದ ಸಿಟ್ಟೋ ಗೊತ್ತಾಗಲಿಲ್ಲ. "ನಿನ್ನ ಮ್ಯಾಲೆ ನನಗ ಇನ್ನೂ ಸಿಟ್ಟೈತಿ," ಅಂದರು. ಬಾಗಿಲು ಮುಚ್ಚಿತು.

ಸಿಟ್ಟು ಇರಲಿ. ನನಗೂ ಇದೆ. ಯಾರ ಮೇಲೆ ಎಂದು ಬರೆಯುತ್ತಾ ಹೋದರೆ ಹಾಳೆ ಸಾಲುವುದಿಲ್ಲ.

ಕೆಳಗೆ ಅವನ ಕಾರು ಬಂದು ನಿಂತಿದೆ. ಅವನು ಇಳಿದು, ಮೆಟ್ಟಿಲಿನವರೆಗೆ ಬಂದು, ಕಂಬಕ್ಕೆ ಒರಗಿ ನಿಂತಿದ್ದಾನೆ. ಮೇಲೆ ಬರುತ್ತಿಲ್ಲ. ವಾಪಸ್ಸೂ ಹೋಗುತ್ತಿಲ್ಲ. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಮೇಲೆ ಬಂದರೆ ಅವನಿಗೆ ಹೇಳುವ ಮಾತು ಸಿದ್ಧವಾಗಿದೆ. ತಿಂಗಳಿಂದ ಸಿದ್ಧವಾಗಿದೆ. ಇಷ್ಟೇ ಅದು —

ಬಾಗಿಲು ತೆರೆದರು. ನರ್ಸು. "ಗುರುಸಿದ್ದವ್ವನ ಮನಿಯವರು ಯಾರ್ರಿ ಇಲ್ಲಿ?"

ಅವನೂ ಕೇಳಿಸಿಕೊಂಡ. ನಾನು ಎದ್ದು, "ನಾನ್ರಿ," ಅಂದೆ.